ಊಫರ್ ಸುಡದಿರಲಿ: ಕಾರಿನ ಆಂಪ್ಲಿಫೈಯರ್‌ಗೂ ಸಬ್‌ವೂಫರ್‌ಗೂ ಜೋಡಿ ಕಟ್ಟುವ ಬಗೆ

ಅಕ್ಕನ ಮಗ ಡೊಂಬಿವಲಿಯಿಂದ ಊರಿಗೆ ಹೊರಟದ್ದು ಚೌತಿಗೆ ಮೂರು ದಿನ ಇರುವಾಗ. ಕಾರಿಗೆ ಹೊಸ ಸಬ್‌ವೂಫರ್, ಅಂದರೆ ಬಾಸ್ ನುಡಿಸುವ ದೊಡ್ಡ ಸ್ಪೀಕರ್, ಹಾಕಿಸಿ ವಾರವೂ ಆಗಿರಲಿಲ್ಲ. ಪುಣೆ, ಸಾತಾರಾ ದಾಟಿ ಕರಾಡ್ ಹತ್ತಿರವಾಗುವಾಗ ಕಾರಿನೊಳಗೆ ಅಂಟು ಸುಟ್ಟ ವಾಸನೆ ಬಂದಿತು. ಬೆಳಗಾವಿ ಮುಟ್ಟುವ ಹೊತ್ತಿಗೆ ಡಿಕ್ಕಿಯಲ್ಲಿದ್ದ ಡಬ್ಬ ಮೂಕವಾಗಿತ್ತು. ಹಾಕಿಕೊಟ್ಟ ಅಂಗಡಿಯವರಿಗೆ ಫೋನ್ ಮಾಡಿದಾಗ ಬಂದ ಉತ್ತರ ಇಷ್ಟೇ: "ಊಫರ್ 500 ವ್ಯಾಟಿನದು, ಆಂಪ್ ಬರೀ 200ರದು. ಅಷ್ಟು ಚಿಕ್ಕ ಆಂಪ್ ಇಷ್ಟು ದೊಡ್ಡ ಊಫರನ್ನು ಸುಡುವುದು ಹೇಗೆ ಸಾಧ್ಯ?"

ಸಾಧ್ಯವಿದೆ, ಮತ್ತು ದಿನನಿತ್ಯ ಆಗುತ್ತಿದೆ. ಆಂಪ್ ಎಂದರೆ ಸ್ಟೀರಿಯೊದ ಸಂಕೇತವನ್ನು ಬಲಪಡಿಸಿ ಊಫರ್‌ಗೆ ಕೊಡುವ ಆಂಪ್ಲಿಫೈಯರ್. ವಿದ್ಯುತ್ ಉಪಕರಣಗಳ ದುರಸ್ತಿಯಲ್ಲಿ ಬಹಳ ವರ್ಷ ಕಳೆದವನಾಗಿ ನಾನು ಬಿಚ್ಚಿ ನೋಡಿದ ಸುಟ್ಟ ಊಫರ್‌ಗಳಲ್ಲಿ ಹೆಚ್ಚಿನವು ದೊಡ್ಡ ಆಂಪ್‌ನಿಂದ ಸತ್ತವಲ್ಲ. ಶಕ್ತಿ ಮೀರಿ ದುಡಿಸಿದ ಚಿಕ್ಕ ಆಂಪ್‌ನಿಂದ ಸತ್ತವು. ಅಕ್ಕನ ಮಗನ ಡಬ್ಬದ ಮೇಲೆ ದಪ್ಪಕ್ಷರದಲ್ಲಿದ್ದ 500 ಎಂಬುದು ಕ್ಷಣಮಾತ್ರ ತಾಳಬಲ್ಲ ಗರಿಷ್ಠ ಶಕ್ತಿ. ನಿರಂತರವಾಗಿ ತಾಳಬಲ್ಲ ಆರ್‌ಎಂಎಸ್ ಶಕ್ತಿ 250 ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಒಳಬರುವ ಸಂಕೇತಕ್ಕೆ ಆಂಪ್ ಅನ್ನು ಹೊಂದಿಸುವ ಗೇನ್ ತಿರುಗಣೆ ಕೊನೆಯವರೆಗೆ ತಿರುಗಿತ್ತು, ಆಳದ ಸ್ವರಗಳನ್ನಷ್ಟೇ ಏರಿಸುವ ಬಾಸ್ ಬೂಸ್ಟ್ ಕೂಡ.

ಆಂಪ್‌ನಿಂದ ಹೊರಬೀಳುವ ಅಲೆ ಗುಡ್ಡದ ಹಾಗೆ ದುಂಡಗೆ ಏರಿ ಇಳಿಯಬೇಕು. ಆಂಪ್ ಕೊಡಬಲ್ಲ ವೋಲ್ಟೇಜಿಗೆ ಒಂದು ಮಿತಿ ಇದೆ. ಅದಕ್ಕಿಂತ ಹೆಚ್ಚು ಕೇಳಿದರೆ ಗುಡ್ಡದ ನೆತ್ತಿ ಕತ್ತರಿಸಿದಂತಾಗಿ ಅಲೆ ಚಪ್ಪಟೆಯಾಗುತ್ತದೆ. ಪಂಚಗನಿಯ ಟೇಬಲ್ ಲ್ಯಾಂಡ್ ನೋಡಿದವರಿಗೆ ಆ ಆಕಾರ ಕಣ್ಣಿಗೆ ಕಟ್ಟುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಎನ್ನುತ್ತಾರೆ. ಒಂದೇ ಎತ್ತರದ ದುಂಡು ಅಲೆಗಿಂತ ಪೂರ್ತಿ ಚೌಕವಾದ ಅಲೆಯಲ್ಲಿ ಎರಡು ಪಟ್ಟು ಶಕ್ತಿ ಇರುತ್ತದೆ. ಹೀಗಾಗಿ 200 ವ್ಯಾಟಿನ ಆಂಪ್, ತೀರಾ ಕ್ಲಿಪ್ ಆದಾಗ, 400ರ ಹತ್ತಿರದ ಶಕ್ತಿಯನ್ನು 250ರ ಊಫರ್‌ಗೆ ಸುರಿಯುತ್ತದೆ. ಘಟ್ಟದ ದಾರಿಯಲ್ಲಿ ಐದು ಗಂಟೆ ಹಾಗೆ ಸುರಿದರೆ ಊಫರ್‌ನೊಳಗಿನ ತಂತಿಸುರುಳಿಯ, ಅಂದರೆ ವಾಯ್ಸ್ ಕಾಯಿಲ್‌ನ, ಅಂಟು ಕರಗದೆ ಇನ್ನೇನಾಗುತ್ತದೆ?

ಕಾಯಿಲ್ ಬಿಸಿಯಾದಂತೆ ಅದರ ತಂತಿಯ ರೋಧವೂ ಏರುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.39ರಷ್ಟು ಹೆಚ್ಚುತ್ತದೆ, ನೂರು ಡಿಗ್ರಿ ಏರಿದರೆ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಆಗ ಸದ್ದು ಕುಗ್ಗುತ್ತದೆ. ಸದ್ದು ಕುಗ್ಗಿತೆಂದು ಕಾರಿನಲ್ಲಿದ್ದವರು ವಾಲ್ಯೂಮ್ ಇನ್ನಷ್ಟು ಏರಿಸುತ್ತಾರೆ. ಕೊಲೆ ನಡೆಯುವುದು ಅಲ್ಲಿ.

ಹಾಗಾದರೆ ಹೊಸದಾಗಿ ಕೊಳ್ಳುವವರು, ಅಥವಾ ಈಗಾಗಲೇ ಹಾಕಿಸಿಕೊಂಡು ಭಯಪಡುತ್ತಿರುವವರು, ಏನು ಮಾಡಬೇಕು? ನಾನು ಅವನ ಕಾರಿಗೆ ಎರಡನೆಯ ಬಾರಿ ಮಾಡಿದ ಕೆಲಸವನ್ನೇ ಕ್ರಮವಾಗಿ ಹೇಳುತ್ತೇನೆ. ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್, ಒಂದು ಸ್ಕ್ರೂ ಡ್ರೈವರ್, ಒಂದು ಟಾರ್ಚ್ ಸೆಲ್, ಅರ್ಧ ದಿನ. ಮಲ್ಟಿಮೀಟರ್ ಇಲ್ಲದಿದ್ದರೆ, ಮುಂಬಯಿಯವರು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರಸ್ತೆಗೆ ನಡೆಯಿರಿ. ಪುಣೆಯವರಿಗೆ ಬುಧವಾರ ಪೇಟೆಯ ತಪ್ಕೀರ್ ಗಲ್ಲಿ ಇದೆ.

ಮೊದಲು ಓಮ್

ಎಲ್ಲರೂ ವ್ಯಾಟಿನಿಂದ ಆರಂಭಿಸುತ್ತಾರೆ. ಅದು ತಪ್ಪು ದಾರಿ. ಆಂಪ್ ಎಷ್ಟು ವ್ಯಾಟ್ ಕೊಡುತ್ತದೆ ಎಂಬುದು ಅದರ ಮುಂದೆ ಎಷ್ಟು ಓಮ್ (ಕರೆಂಟಿಗೆ ಇರುವ ತಡೆಯ ಅಳತೆ) ಇಟ್ಟಿದ್ದೀರಿ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಊಫರ್‌ನ ಬೆನ್ನು ತಿರುಗಿಸಿ ಮೊದಲು ಟರ್ಮಿನಲ್‌ಗಳನ್ನು ಎಣಿಸಿ. ಒಂದು ಜೊತೆ ಇದ್ದರೆ ಒಂಟಿ ಕಾಯಿಲ್. ಎರಡು ಜೊತೆ ಇದ್ದರೆ ಜೋಡಿ ಕಾಯಿಲ್. ಇಂದು ಮಾರುಕಟ್ಟೆಯಲ್ಲಿ ಇಂಥವು ಬಹಳ.

ಜೋಡಿ 4 ಓಮ್ ಕಾಯಿಲ್ ಇರುವ ಒಂದು ಊಫರನ್ನು ಸಮಾಂತರವಾಗಿ, ಅಂದರೆ ಎರಡೂ ಪ್ಲಸ್ ಒಟ್ಟಿಗೆ, ಎರಡೂ ಮೈನಸ್ ಒಟ್ಟಿಗೆ ಸೇರಿಸಿದರೆ 2 ಓಮ್. ಸರಣಿಯಲ್ಲಿ, ಅಂದರೆ ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್ಸಿಗೆ ಸೇರಿಸಿ ಉಳಿದ ಎರಡು ತುದಿಗಳನ್ನು ಆಂಪ್‌ಗೆ ಕೊಟ್ಟರೆ 8 ಓಮ್. ಜೋಡಿ 2 ಓಮ್ ಊಫರ್‌ನಲ್ಲಿ ಇದೇ ಲೆಕ್ಕ 1 ಓಮ್ ಮತ್ತು 4 ಓಮ್ ಆಗುತ್ತದೆ. ಜೋಡಿ 4 ಓಮ್‌ನ ಎರಡು ಊಫರ್‌ಗಳಿದ್ದರೆ ಎಲ್ಲವನ್ನೂ ಸಮಾಂತರ ಮಾಡಿದಾಗ 1 ಓಮ್, ಒಂದೊಂದನ್ನೂ ಸರಣಿ ಮಾಡಿ ಆಮೇಲೆ ಪರಸ್ಪರ ಸಮಾಂತರ ಮಾಡಿದರೆ 4 ಓಮ್. ಜೋಡಿ 2 ಓಮ್‌ನ ಎರಡನ್ನು ಎಲ್ಲಾ ಸಮಾಂತರ ಮಾಡಿದರೆ ಅರ್ಧ ಓಮ್. ಸಾಮಾನ್ಯ ಆಂಪ್‌ಗಳಿಗೆ ಅದು ಮರಣಶಾಸನ.

ಆಂಪ್‌ನ ಕೈಪಿಡಿಯಲ್ಲಿ ಅದು ತಡೆದುಕೊಳ್ಳಬಲ್ಲ ಕನಿಷ್ಠ ಓಮ್ ಬರೆದಿರುತ್ತದೆ. 2 ಓಮ್ ಎಂದಿದ್ದರೆ 1 ಓಮ್ ಕಟ್ಟಬೇಡಿ. ಒಳ್ಳೆಯ ಆಂಪ್ ಆದರೆ ಕೆಂಪು ದೀಪ ಹೊತ್ತಿಸಿ ಸುಮ್ಮನಾಗುತ್ತದೆ, ಕಳಪೆಯದು ಸುಟ್ಟುಹೋಗುತ್ತದೆ. ಇಲ್ಲಿ ಅನೇಕರು ಎಡವುವ ಜಾಗ ಇನ್ನೊಂದಿದೆ: ನಾಲ್ಕು ಚಾನೆಲ್‌ನ, ಅಂದರೆ ನಾಲ್ಕು ಸ್ಪೀಕರ್‌ಗೆ ಬೇರೆ ಬೇರೆ ಹೊರದಾರಿ ಇರುವ, ಆಂಪ್‌ನ ಎರಡು ಚಾನೆಲ್‌ಗಳನ್ನು ಸೇರಿಸಿ ಊಫರ್‌ಗೆ ಕೊಡುವುದು, ಅಂದರೆ ಬ್ರಿಡ್ಜ್ ಮಾಡುವುದು. ಹಾಗೆ ಮಾಡಿದಾಗ ಪ್ರತಿ ಚಾನೆಲ್‌ಗೂ ಊಫರ್‌ನ ಅರ್ಧದಷ್ಟೇ ಓಮ್ ಕಾಣುತ್ತದೆ. ಚಾನೆಲ್ ಒಂದಕ್ಕೆ 2 ಓಮ್ ತಾಳುವ ಆಂಪ್ ಬ್ರಿಡ್ಜ್ ಆದಾಗ 4 ಓಮ್‌ಗಿಂತ ಕೆಳಗೆ ಇಳಿಯಬಾರದು.

ತಂತಿ ಕಟ್ಟಿದ ಮೇಲೆ ಆಂಪ್‌ಗೆ ಸಿಕ್ಕಿಸುವ ಮೊದಲು ಎರಡು ತುದಿಗಳ ನಡುವೆ ಮಲ್ಟಿಮೀಟರ್ ಇಟ್ಟು ಅಳೆಯಿರಿ. ಮೀಟರ್ ತೋರಿಸುವುದು ತಂತಿಯ ನೇರ ರೋಧವಾದ್ದರಿಂದ ಹೆಸರಿಗೆ 4 ಓಮ್ ಇರುವ ಕಾಯಿಲ್ 3.2ರಿಂದ 3.8ರವರೆಗೆ ತೋರಿಸಬಹುದು, ಗಾಬರಿ ಬೇಡ. 2 ಓಮ್ ಬರಬೇಕಾದಲ್ಲಿ 1ರ ಹತ್ತಿರ ಬಂದರೆ ಎಲ್ಲೋ ತಪ್ಪು ಜೋಡಣೆಯಾಗಿದೆ. ಅಂಕಿಯೇ ಬರದಿದ್ದರೆ ತಂತಿ ಕಡಿದಿದೆ, ಅಥವಾ ಕಾಯಿಲ್ ಆಗಲೇ ಹೋಗಿದೆ.

ಟಾರ್ಚ್ ಸೆಲ್ ಬೇಕೆಂದದ್ದು ದಿಕ್ಕು ನೋಡಲು. 1.5 ವೋಲ್ಟ್ ಸೆಲ್‌ನ ಪ್ಲಸ್ಸನ್ನು ಕಾಯಿಲ್‌ನ ಪ್ಲಸ್ಸಿಗೆ, ಮೈನಸ್ಸನ್ನು ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಿ. ಊಫರ್‌ನ ಮುಂದಿನ ಪರದೆ, ಅಂದರೆ ಕೋನ್, ಹೊರಕ್ಕೆ ಜಿಗಿಯಬೇಕು. ಎರಡೂ ಕಾಯಿಲ್‌ಗಳಿಗೆ ಬೇರೆ ಬೇರೆಯಾಗಿ ಮಾಡಿ ನೋಡಿ. ಒಂದು ತಿರುಗುಮುರುಗಾದರೆ, ಎತ್ತು ಏರಿಗೆಳೆದು ಕೋಣ ನೀರಿಗೆಳೆದ ಹಾಗೆ, ಎರಡು ಕಾಯಿಲ್‌ಗಳು ಒಂದರ ಬಲವನ್ನು ಇನ್ನೊಂದು ಕೊಲ್ಲುತ್ತವೆ. ಸದ್ದು ಬರುವುದಿಲ್ಲ, ಬಿಸಿ ಮಾತ್ರ ಏರುತ್ತದೆ. ಜೋಡಿ ಕಾಯಿಲ್‌ನಲ್ಲಿ ಒಂದನ್ನಷ್ಟೇ ಜೋಡಿಸಿ ಇನ್ನೊಂದನ್ನು ಹಾಗೇ ಬಿಡುವ ಅಂಗಡಿಗಳನ್ನೂ ಕಂಡಿದ್ದೇನೆ. ಹಾಗೆ ಬಿಡಬೇಡಿ, ಊಫರ್‌ನ ಶಕ್ತಿ ಅರ್ಧಕ್ಕಿಳಿಯುತ್ತದೆ.

ಈಗ ವ್ಯಾಟ್

ಓಮ್ ನಿಶ್ಚಯವಾದ ಮೇಲೆ, ಆ ಓಮ್‌ನಲ್ಲಿ ಆಂಪ್ ಕೊಡುವ ಆರ್‌ಎಂಎಸ್ ವ್ಯಾಟನ್ನು ಊಫರ್‌ನ ಆರ್‌ಎಂಎಸ್ ವ್ಯಾಟಿನ ಪಕ್ಕದಲ್ಲಿಟ್ಟು ನೋಡಿ. ಗರಿಷ್ಠ, ಮ್ಯಾಕ್ಸ್, ಪೀಕ್ ಎಂಬ ಅಂಕಿಗಳನ್ನು ಕಣ್ಣಿನಿಂದಲೇ ಅಳಿಸಿಹಾಕಿ. ನನ್ನ ಅಭಿಪ್ರಾಯದಲ್ಲಿ ಆಂಪ್ ಊಫರ್‌ಗೆ ಸಮನಾಗಿರಬೇಕು ಅಥವಾ ಕಾಲು ಭಾಗ ಹೆಚ್ಚಿರಬೇಕು. 250 ವ್ಯಾಟ್ ಆರ್‌ಎಂಎಸ್‌ನ, ಜೋಡಿ 4 ಓಮ್‌ನ 12 ಇಂಚಿನ ಊಫರ್‌ಗೆ, 2 ಓಮ್‌ನಲ್ಲಿ 300 ವ್ಯಾಟ್ ಕೊಡುವ ಒಂಟಿ ಚಾನೆಲ್ ಆಂಪ್ ಒಳ್ಳೆಯ ಸಂಬಂಧ. ಆಂಪ್ ಉಸಿರು ಕಟ್ಟದೆ ಕೆಲಸ ಮಾಡುತ್ತದೆ, ಅಲೆಯ ನೆತ್ತಿ ಉಳಿಯುತ್ತದೆ. ಸಣ್ಣ ಆಂಪ್ ಹಾಕಿದರೂ ಊಫರ್ ಬದುಕುತ್ತದೆ, ಅದನ್ನು ಅದರ ಮಿತಿಯಲ್ಲೇ ಇಟ್ಟುಕೊಳ್ಳುವ ಸಂಯಮ ನಿಮಗಿದ್ದರೆ. ಕಾರನ್ನು ಹದಿಹರೆಯದ ಮಕ್ಕಳೂ ಓಡಿಸುವ ಮನೆಗಳಲ್ಲಿ ಆ ಭರವಸೆ ನನಗಿಲ್ಲ.

ಅಂಗಡಿಯಲ್ಲಿ ಆಂಪ್ ಮೇಲೆ 3000 ವ್ಯಾಟ್ ಎಂದು ಹೊಳೆಯುತ್ತಿರುತ್ತದೆ. ನಂಬಬೇಕೇ? ಅದರ ಪಕ್ಕದಲ್ಲಿ ಸಿಕ್ಕಿಸಿರುವ ಫ್ಯೂಸ್ ನೋಡಿ. 30 ಆಂಪಿಯರ್‌ನ ಒಂದೇ ಫ್ಯೂಸ್ ಇದ್ದರೆ, 30ನ್ನು 13.8 ವೋಲ್ಟ್‌ನಿಂದ ಗುಣಿಸಿ: 414. ಕಡಿಮೆ ಶಕ್ತಿ ವ್ಯರ್ಥ ಮಾಡುವ ಕ್ಲಾಸ್ ಡಿ ಬಗೆಯ ಆಂಪ್ ಆದರೆ ಅದರ ಸುಮಾರು ಶೇ. 80 ಊಫರ್‌ಗೆ ಸಿಗಬಹುದು, ಅಂದರೆ 330 ವ್ಯಾಟಿನ ಆಸುಪಾಸು. 3000 ಎಲ್ಲಿಂದ ಬಂದಿತು? ಕುರ್ಲಾದ ಸಿಎಸ್‌ಟಿ ರಸ್ತೆಯ ಸಾಲು ಅಂಗಡಿಗಳಲ್ಲಿ ನಿಂತುಕೊಂಡೇ ಮೊಬೈಲ್‌ನಲ್ಲಿ ಈ ಗುಣಾಕಾರ ಮಾಡಬಹುದು. ಡಬ್ಬದ ಮೇಲೆ ಸಿಇಎ-2006 ಅಥವಾ ಸಿಟಿಎ-2006 ಎಂಬ ಅಳತೆ ಮಾನದಂಡದ ಗುರುತಿದ್ದರೆ ಅಂಕಿಗೆ ಹೆಚ್ಚು ಬೆಲೆ ಇದೆ, 14.4 ವೋಲ್ಟ್‌ನಲ್ಲಿ, 4 ಓಮ್ ಇಟ್ಟು, ವಿರೂಪ ಶೇ. 1 ಮೀರದಂತೆ ಅಳೆದದ್ದು ಎಂದು ಅದರ ಅರ್ಥ.

ತಂತಿ, ಫ್ಯೂಸ್, ಅರ್ಥ್

300 ವ್ಯಾಟಿನ ಕ್ಲಾಸ್ ಡಿ ಆಂಪ್ ಪೂರ್ತಿ ದುಡಿಯುವಾಗ ಬ್ಯಾಟರಿಯಿಂದ ಸುಮಾರು 27 ಆಂಪಿಯರ್ ಎಳೆಯುತ್ತದೆ. ಬಾನೆಟ್‌ನಿಂದ ಡಿಕ್ಕಿಯವರೆಗೆ ತಂತಿ ಐದು ಮೀಟರ್ ಎಂದುಕೊಳ್ಳಿ. ಶುದ್ಧ ತಾಮ್ರದ 8 ಗೇಜ್ ತಂತಿಯಲ್ಲಿ ದಾರಿಯಲ್ಲೇ ಕಳೆದುಹೋಗುವುದು 0.3 ವೋಲ್ಟ್‌ನ ಹತ್ತಿರ, 4 ಗೇಜ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಗೇಜ್ ಸಂಖ್ಯೆ ಇಳಿದಂತೆ ತಂತಿ ದಪ್ಪವಾಗುತ್ತದೆ ಎಂಬುದು ನೆನಪಿರಲಿ. ಅಗ್ಗದ ವಯರಿಂಗ್ ಕಿಟ್‌ಗಳಲ್ಲಿ ಬರುವುದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗಿದ್ದರೆ ಅದೇ. ಅದರಲ್ಲಿ ನಷ್ಟ ಅರ್ಧ ವೋಲ್ಟ್‌ನ ಹತ್ತಿರ ಹೋಗುತ್ತದೆ. ವೋಲ್ಟ್ ಕಡಿಮೆಯಾದಷ್ಟೂ ಆಂಪ್ ಬೇಗ ಕ್ಲಿಪ್ ಆಗುತ್ತದೆ. ಕೆಟ್ಟ ತಂತಿ ಊಫರ್ ಸುಡುವುದು ಹೀಗೆ. ಎರಡು ಸಾವಿರ ಉಳಿಸಲು ಹೋಗಿ ಹತ್ತು ಸಾವಿರದ ಊಫರ್ ಕಳೆದುಕೊಳ್ಳಬೇಡಿ, 4 ಗೇಜ್ ಶುದ್ಧ ತಾಮ್ರವನ್ನೇ ಕೇಳಿ ತೆಗೆದುಕೊಳ್ಳಿ.

ಕೆಲಸಕ್ಕೆ ಕೈ ಹಾಕುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಬೇಕು. ಆ ಫ್ಯೂಸ್ ಇರುವುದು ಆಂಪ್ ಕಾಯಲು ಅಲ್ಲ, ನಿಮ್ಮನ್ನು ಕಾಯಲು. ಎಂಜಿನ್ ಕೋಣೆಯಿಂದ ತಂತಿ ಒಳಬರುವ ಲೋಹದ ತೂತಿನಲ್ಲಿ ರಬ್ಬರ್ ಬಳೆ ಇಲ್ಲದಿದ್ದರೆ, ಉಜ್ಜಿ ಉಜ್ಜಿ ಹೊದಿಕೆ ಹರಿದು ತಂತಿ ಕಾರಿನ ಲೋಹದ ಮೈಗೆ ತಾಗುತ್ತದೆ. ಫ್ಯೂಸ್ ಇಲ್ಲದ ಕಾರು ಆಗ ಹೊತ್ತಿಕೊಳ್ಳುತ್ತದೆ. ಈ ಒಂದು ವಿಷಯದಲ್ಲಿ ಯಾರ ಮಾತಿಗೂ ಒಪ್ಪಬೇಡಿ.

ಅರ್ಥ್ ತಂತಿಯೂ (ಆಂಪ್‌ನ ಮೈನಸ್ಸನ್ನು ಕಾರಿನ ಲೋಹಕ್ಕೆ ಸೇರಿಸುವುದು) ಪವರ್ ತಂತಿಯಷ್ಟೇ ದಪ್ಪ ಇರಲಿ, ಆದಷ್ಟು ಗಿಡ್ಡ ಇರಲಿ. ಬಣ್ಣ ಕೆರೆದು ಹೊಳೆಯುವ ಲೋಹಕ್ಕೆ ಬೋಲ್ಟ್ ಹಾಕಿ. ಸೀಟ್ ಬೆಲ್ಟ್‌ನ ಬೋಲ್ಟ್ ಮಾತ್ರ ಮುಟ್ಟಬೇಡಿ. ಮುಂಬಯಿಯ ಉಪ್ಪುಗಾಳಿಗೆ ಕೆರೆದ ಲೋಹ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಆದ್ದರಿಂದ ಬಿಗಿ ಮಾಡಿದ ನಂತರ ಮೇಲೆ ಗ್ರೀಸ್ ಬಳಿಯಿರಿ. ಆಂಪ್‌ನ ಜಾಗದ ಬಗ್ಗೆಯೂ ಇದೇ ಊರಿನ ಮಾತು: ಸೀಟಿನ ಕೆಳಗೆ ನೆಲಕ್ಕೆ ಅಂಟಿಸಬೇಡಿ. ಮಳೆಗೆ ನೀರು ತುಂಬುವ ಹಿಂದಮಾತಾ, ಕಿಂಗ್ಸ್ ಸರ್ಕಲ್, ಅಂಧೇರಿ ಸಬ್‌ವೇಗಳಲ್ಲಿ ಜುಲೈ ತಿಂಗಳಲ್ಲಿ ಒಮ್ಮೆ ಸಿಕ್ಕಿಕೊಂಡವರಿಗೆ ಕಾರಣ ವಿವರಿಸಬೇಕಿಲ್ಲ. ಹಿಂದಿನ ಸೀಟಿನ ಬೆನ್ನಿಗೆ ಹಲಗೆ ಕಟ್ಟಿ ಅದರ ಮೇಲೆ ಕೂರಿಸಿದರೆ ಗಾಳಿಯೂ ಆಡುತ್ತದೆ, ನೀರಿಗೂ ದೂರ.

ಗೇನ್: ಇಡೀ ಕೆಲಸದ ಪ್ರಾಣ

ಗೇನ್ ಎಂದರೆ ವಾಲ್ಯೂಮ್ ಅಲ್ಲ. ನಿಮ್ಮ ಸ್ಟೀರಿಯೊ ಕಳುಹಿಸುವ ಸಂಕೇತ ಒಂದರಲ್ಲಿ 2 ವೋಲ್ಟ್ ಇರಬಹುದು, ಇನ್ನೊಂದರಲ್ಲಿ 4 ಇರಬಹುದು. ಯಾವುದು ಬಂದರೂ ಆಂಪ್ ತನ್ನ ಪೂರ್ಣ ಶಕ್ತಿಯನ್ನು ಸರಿಯಾದ ಹಂತದಲ್ಲಿ ಮುಟ್ಟುವಂತೆ ಹೊಂದಿಸುವ ತಿರುಗಣೆ ಅದು. ಅರ್ಧಕ್ಕೆ ಇಟ್ಟರೆ ಅರ್ಧ ಶಕ್ತಿ ಎಂಬ ನಂಬಿಕೆ ಸುಳ್ಳು; ಸ್ಟೀರಿಯೊ ಬಲವಾಗಿದ್ದರೆ ಅರ್ಧದಲ್ಲೇ ಆಂಪ್ ಕ್ಲಿಪ್ ಆಗಿರುತ್ತದೆ. ಕಿವಿಯಿಂದ ಇದನ್ನು ಹೊಂದಿಸುವವರ ಮೇಲೆ ನನಗೆ ನಂಬಿಕೆ ಇಲ್ಲ. ಬಾಸ್‌ನ ಆಳದಲ್ಲಿ ಆರಂಭದ ಕ್ಲಿಪ್ಪಿಂಗ್ ಪಳಗಿದ ಕಿವಿಗೂ ಕೇಳುವುದಿಲ್ಲ.

ಮೊದಲು ಲೆಕ್ಕ. ವ್ಯಾಟನ್ನು ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಊಫರ್ ಚಿಕ್ಕದಿದ್ದರೆ ಊಫರ್‌ನ ವ್ಯಾಟ್, ಆಂಪ್ ಚಿಕ್ಕದಿದ್ದರೆ ಆಂಪ್‌ನ ವ್ಯಾಟ್ ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ 250 ಗುಣಿಸು 2, ಅಂದರೆ 500. ಅದರ ವರ್ಗಮೂಲ 22.4 ವೋಲ್ಟ್. ಅಲ್ಲಿಂದ ಹತ್ತನೆಯ ಒಂದು ಭಾಗ ಇಳಿಸಿ 20 ವೋಲ್ಟ್ ಎಂದು ಗುರುತು ಹಾಕಿಕೊಳ್ಳಿ. ಊಫರ್ ಬಿಚ್ಚಿಟ್ಟು ಅಳೆಯುವಾಗ ಆಂಪ್ ಮೇಲೆ ಭಾರವಿರುವುದಿಲ್ಲ, ಭಾರ ಬಿದ್ದಾಗ ಅದರ ಮಿತಿ ಸ್ವಲ್ಪ ಇಳಿಯುತ್ತದೆ. ಅದಕ್ಕೆ ಈ ರಿಯಾಯಿತಿ. 20 ವೋಲ್ಟ್‌ನಲ್ಲಿ ಸಿಗುವುದು 200 ವ್ಯಾಟ್. ಐವತ್ತು ವ್ಯಾಟ್ ಹೋಯಿತೆಂದು ಕೊರಗಬೇಡಿ, ಸದ್ದಿನಲ್ಲಿ ಅದು ಒಂದು ಡೆಸಿಬೆಲ್‌ನಷ್ಟೂ ಅಲ್ಲ.

ಈಗ ಊಫರ್‌ನ ತಂತಿಗಳನ್ನು ಆಂಪ್‌ನಿಂದ ಬಿಚ್ಚಿ. ಗೇನ್ ಪೂರ್ತಿ ಕೆಳಗೆ. ಆಂಪ್‌ನ ಬಾಸ್ ಬೂಸ್ಟ್ ಸೊನ್ನೆ. ಎತ್ತರದ ಸ್ವರಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ ಅಳತೆ ಮುಗಿಯುವವರೆಗೆ ಅತಿ ಮೇಲಿನ ಅಂಕಿಯಲ್ಲಿರಲಿ. ಸ್ಟೀರಿಯೊದಲ್ಲಿ ಈಕ್ವಲೈಸರ್ ಸಮತಟ್ಟು, ಲೌಡ್‌ನೆಸ್ ಬಂದ್, ಸಬ್‌ವೂಫರ್ ಮಟ್ಟ ಸೊನ್ನೆ. ಎಂಜಿನ್ ಚಾಲೂ ಮಾಡಿ, ತೆರೆದ ಜಾಗದಲ್ಲಿ. ಮುಚ್ಚಿದ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಬೇಡ, ಹೊಗೆ ತುಂಬುತ್ತದೆ. 50 ಹರ್ಟ್ಜ್‌ನ, 0 ಡೆಸಿಬೆಲ್ (ದಾಖಲೆಯಲ್ಲಿ ಸಾಧ್ಯವಿರುವ ಗರಿಷ್ಠ) ಮಟ್ಟದಲ್ಲಿ ದಾಖಲಾದ ಪರೀಕ್ಷಾ ಸ್ವರವನ್ನು ಪೆನ್ ಡ್ರೈವ್‌ನಿಂದ ಹಾಕಿ. ಬ್ಲೂಟೂತ್ ಆದರೆ ಫೋನಿನ ವಾಲ್ಯೂಮ್ ಪೂರ್ತಿ ಇರಲಿ. 50 ಹರ್ಟ್ಜ್ ಏಕೆಂದರೆ ನಮ್ಮ ಮನೆಯ ಕರೆಂಟಿನ ಆವರ್ತನವೂ ಅದೇ, ಅಗ್ಗದ ಮಲ್ಟಿಮೀಟರ್ ಕೂಡ ಅಲ್ಲಿ ಸರಿಯಾಗಿ ಅಳೆಯುತ್ತದೆ.

ಸ್ಟೀರಿಯೊದ ವಾಲ್ಯೂಮ್ ಮುಕ್ಕಾಲಿಗೆ ಏರಿಸಿ. ಗರಿಷ್ಠ 40 ಇದ್ದರೆ 30. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಹಾಕಿ, ಕಡ್ಡಿಗಳನ್ನು ಆಂಪ್‌ನ ಸ್ಪೀಕರ್ ಟರ್ಮಿನಲ್‌ಗಳಿಗೆ ಹಿಡಿಯಿರಿ, ಬೆರಳು ಮಾತ್ರ ಲೋಹಕ್ಕೆ ತಾಗಬಾರದು. ಗೇನ್ ಅನ್ನು ಎಳ್ಳಷ್ಟೆಳ್ಳಷ್ಟೇ ಏರಿಸುತ್ತಾ ಹೋಗಿ. ಮೀಟರ್ 20 ತೋರಿಸಿದಲ್ಲಿ ನಿಲ್ಲಿಸಿ. ಅಷ್ಟೇ. ಊಫರ್ ಬಿಚ್ಚಿರುವುದರಿಂದ ಈ ಕೆಲಸದಲ್ಲಿ ಸದ್ದೇ ಇರುವುದಿಲ್ಲ, ಸೊಸೈಟಿಯಲ್ಲಿ ಯಾರ ಮಧ್ಯಾಹ್ನದ ನಿದ್ದೆಯೂ ಕೆಡುವುದಿಲ್ಲ. ತಿರುಗಣೆ ಕೊನೆ ಮುಟ್ಟಿದರೂ 20 ಬರದಿದ್ದರೆ, ಸಂಕೇತ ದುರ್ಬಲವಿದೆ ಅಥವಾ ಆಂಪ್ ಹೇಳಿಕೊಂಡಷ್ಟು ಶಕ್ತಿಯದಲ್ಲ. ಬಾಸ್ ಬೂಸ್ಟ್‌ನಿಂದ ಆ ಕೊರತೆ ತುಂಬಲು ಹೋಗಬೇಡಿ.

ಮಲ್ಟಿಮೀಟರ್ ವೋಲ್ಟ್ ಹೇಳುತ್ತದೆ, ಅಲೆಯ ಆಕಾರ ಹೇಳುವುದಿಲ್ಲ. ಆಕಾರ ಕಾಣಬೇಕಾದರೆ ಆಸಿಲೋಸ್ಕೋಪ್ ಬೇಕು. ಕೈಯಲ್ಲಿ ಹಿಡಿಯುವ ಚಿಕ್ಕವು ಈಗ ಸಿಗುತ್ತವೆ. ಗೆಳೆಯರ ಗುಂಪಿಗೆ ಒಂದು ಕೊಂಡರೆ ಹತ್ತು ಕಾರಿಗೆ ಆಗುತ್ತದೆ.

ಬಾಸ್ ಬೂಸ್ಟ್ ಬಗ್ಗೆ ಇಷ್ಟು ಕಟುವಾಗಿರಲು ಕಾರಣವಿದೆ. 6 ಡೆಸಿಬೆಲ್ ಏರಿಸಿದರೆ ಆ ಸ್ವರದಲ್ಲಿ ಆಂಪ್‌ನಿಂದ ಕೇಳುವ ಶಕ್ತಿ ನಾಲ್ಕು ಪಟ್ಟು. 12 ಡೆಸಿಬೆಲ್ ಏರಿಸಿದರೆ ಹದಿನಾರು ಪಟ್ಟು. 250 ವ್ಯಾಟಿನ ಊಫರ್ ಮುಂದೆ ಈ ಲೆಕ್ಕ ಇಟ್ಟು ನೋಡಿ. ಸೊನ್ನೆಯಲ್ಲಿ ಅಳೆದು ಆಮೇಲೆ ಬೂಸ್ಟ್ ಏರಿಸಿದರೆ ಮಾಡಿದ ಅಳತೆಯೆಲ್ಲ ನೀರಿನಲ್ಲಿ ಹೋಮ.

ಉಳಿದ ಸಣ್ಣ ಕೆಲಸಗಳು

ಊಫರ್ ಮತ್ತೆ ಜೋಡಿಸಿ. ಲೋ ಪಾಸ್ ಫಿಲ್ಟರ್ 80 ಹರ್ಟ್ಜ್ ಸುತ್ತ ಇಡಿ. ಡಬ್ಬಕ್ಕೆ ಗಾಳಿಯ ಕೊಳವೆ ಇದ್ದರೆ, ತೀರಾ ಆಳದ ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಕಡ್ಡಾಯ: ಡಬ್ಬವನ್ನು 35 ಹರ್ಟ್ಜ್‌ಗೆ ಹೊಂದಿಸಿದ್ದರೆ ಫಿಲ್ಟರ್ 28ರಿಂದ 30ರಲ್ಲಿರಲಿ. ಅದಕ್ಕಿಂತ ಕೆಳಗಿನ ಸ್ವರಗಳಲ್ಲಿ ಕೋನ್‌ಗೆ ಗಾಳಿಯ ಹಿಡಿತವೇ ಇರುವುದಿಲ್ಲ, ವ್ಯಾಟ್ ಕಡಿಮೆಯಿದ್ದರೂ ಅದು ಹದ್ದು ಮೀರಿ ಚಿಮ್ಮಿ ಹರಿದುಹೋಗುತ್ತದೆ. ಮುಚ್ಚಿದ ಡಬ್ಬಕ್ಕೆ ಈ ಅಪಾಯ ಕಡಿಮೆ. ಮೊದಲ ಬಾರಿಗೆ ಕೊಳ್ಳುವವರಿಗೆ ನಾನು ಮುಚ್ಚಿದ್ದನ್ನೇ ಹೇಳುತ್ತೇನೆ.

ಅರ್ಧ ಗಂಟೆ ಹಾಡು ಹಾಕಿ, ನಿಲ್ಲಿಸಿ, ಆಂಪ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಓಮ್ ಮತ್ತೆ ಅಳೆಯಿರಿ. ಅಂಟಿನ ವಾಸನೆ ಬಂದರೆ ಆ ಕ್ಷಣವೇ ವಾಲ್ಯೂಮ್ ಇಳಿಸಿ, ಕಾಯಿಲ್ ತಣಿಯಲಿ. ತಣಿದ ಮೇಲೆ ಎರಡೂ ಕೈಗಳ ಬೆರಳುಗಳಿಂದ ಕೋನ್ ಅನ್ನು ಸಮನಾಗಿ ಮೆಲ್ಲಗೆ ಒತ್ತಿ. ಒಳಗೆ ಕರಕರ ಉಜ್ಜಿದರೆ ಕಾಯಿಲ್ ಉಬ್ಬಿದೆ ಎಂದರ್ಥ, ಮುಂದೆ ನುಡಿಸಬೇಡಿ.

ಸಾಯನ್‌ನಲ್ಲೋ ಘೋಡ್‌ಬಂದರ್ ರಸ್ತೆಯಲ್ಲೋ ಮಳೆಯಲ್ಲಿ ಸಿಕ್ಕಿಕೊಂಡಾಗ ಎಸಿ, ವೈಪರ್, ದೀಪ ಎಲ್ಲ ಉರಿಯುತ್ತಿರುತ್ತವೆ, ಎಂಜಿನ್ ಮಾತ್ರ ನಿಧಾನ. ಎಂಜಿನ್‌ನಿಂದ ತಿರುಗಿ ಕರೆಂಟ್ ಮಾಡುವ ಆಲ್ಟರ್ನೇಟರ್ ಆಗ ಕಡಿಮೆ ಕೊಡುತ್ತದೆ, 14 ವೋಲ್ಟ್ ಇದ್ದದ್ದು 12ಕ್ಕೆ ಕುಸಿಯಬಹುದು. ಬಾಸ್ ಪೆಟ್ಟು ಬಿದ್ದಾಗಲೆಲ್ಲ ಹೆಡ್‌ಲೈಟ್ ಮಂಕಾಗುವುದು ಅದರ ಗುರುತು. ಆ ಹೊತ್ತಿನಲ್ಲಿ ವಾಲ್ಯೂಮ್ ಐದಾರು ಅಂಕಿ ಇಳಿಸಿ.

ಅಕ್ಕನ ಮಗನ ಕಾರಿನ ಗೇನ್ ತಿರುಗಣೆಯ ಮೇಲೆ ಬಿಳಿ ಬಣ್ಣದ ಒಂದು ಚುಕ್ಕೆ ಹಾಕಿದ್ದೇನೆ. ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಒಂದು ಚೀಟಿ ಇದೆ: 2 ಓಮ್, 20 ವೋಲ್ಟ್, ವಾಲ್ಯೂಮ್ 30ರ ಮೇಲೆ ಬೇಡ. "ಮಾವ, ಮೂವತ್ತೊಂದು ಆದರೆ?" ಎಂದು ಕೇಳಿದ. ಸ್ಟೀರಿಯೊದ ಸೆಟ್ಟಿಂಗ್‌ನಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಅವಕಾಶವಿತ್ತು. 30ಕ್ಕೆ ಹಾಕಿ ಕೊಟ್ಟೆ. ನಿಮ್ಮದರಲ್ಲೂ ಇದೆಯೇ ಎಂದು ಹುಡುಕಿ ನೋಡಿ. ಸ್ಟೀರಿಯೊ ಬದಲಿಸಿದರೆ, ಊಫರ್ ಬದಲಿಸಿದರೆ, ಅಥವಾ ಈಕ್ವಲೈಸರ್‌ನಲ್ಲಿ ಬಾಸ್ ಏರಿಸಿದರೆ ಮಲ್ಟಿಮೀಟರ್ ಮತ್ತೆ ಹೊರತೆಗೆಯಬೇಕು.